ಆಸ್ಪತ್ರೆಯ ಲಾಗಿನ್: ಪಾಸ್‌ವರ್ಡ್ ಒಂದೇ ಸಾಲದು, ಎರಡನೇ ಹಂತ ಹೀಗಿರಲಿ

ವಾರ್ಡಿನ ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರಿನ ಲಾಗಿನ್ ತೆರೆದಿರುವಷ್ಟು ಹೊತ್ತು ಅಲ್ಲಿ ನಡೆಯುವುದೆಲ್ಲ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಇನ್ಸುಲಿನ್ ಪ್ರಮಾಣ ತಿದ್ದಿದವರು ಯಾರು, ಆ ರೋಗಿಯ ಎಚ್‌ಐವಿ ವರದಿ ತೆರೆದು ನೋಡಿದವರು ಯಾರು, ಮಾರ್ಫಿನ್‌ಗೆ ಇಂಡೆಂಟ್ ಹಾಕಿದವರು ಯಾರು ಎಂಬ ಪ್ರಶ್ನೆ ನಾಳೆ ಎದ್ದರೆ ಸಾಫ್ಟ್‌ವೇರ್ ತೋರಿಸುವುದು ಲಾಗಿನ್ ಹೆಸರನ್ನು ಮಾತ್ರ. ಆ ಹೊತ್ತಿನಲ್ಲಿ ಕುರ್ಚಿಯಲ್ಲಿ ಕೂತಿದ್ದವರ ಮುಖ ಅದಕ್ಕೆ ಗೊತ್ತಿರುವುದಿಲ್ಲ. ನಿಮ್ಮ ಪಾಸ್‌ವರ್ಡ್ ಇನ್ನೊಬ್ಬರ ಕೈಗೆ ಸಿಕ್ಕಿದೆ ಅಂದರೆ ನಿಮ್ಮ ಸಹಿ ಅವರ ಕೈಗೆ ಸಿಕ್ಕಿದೆ ಎಂದೇ ಅರ್ಥ.

ಈ ಕಾರಣಕ್ಕೆ ಆಸ್ಪತ್ರೆಗಳು ಒಂದೊಂದಾಗಿ ಎರಡು ಹಂತದ ಲಾಗಿನ್‌ಗೆ ಬದಲಾಗುತ್ತಿವೆ. ಪಾಸ್‌ವರ್ಡ್ ಕೊಟ್ಟ ಮೇಲೆ ಫೋನಿನಲ್ಲಿ ಬರುವ ಅಂಕಿ, ಒಂದು ಒಪ್ಪಿಗೆಯ ಒತ್ತು, ಇಲ್ಲವೇ ಕಾರ್ಡಿನ ಸ್ಪರ್ಶ. ‘ಮೊದಲೇ ಪುರುಸೊತ್ತಿಲ್ಲ, ಈಗ ಇದೊಂದು ಬೇರೆ’ ಎಂದು ಸಿಸ್ಟರ್‌ಗಳು ಹೇಳಿದರೆ ಆ ಮಾತಿನಲ್ಲಿ ನ್ಯಾಯವಿದೆ. ಹತ್ತಾರು ರೋಗಿಗಳ ನಡುವೆ ಓಡಾಡುವವರಿಗೆ ಪ್ರತಿ ಸಲವೂ ಫೋನ್ ಹುಡುಕಿ ಆರು ಅಂಕಿ ಟೈಪ್ ಮಾಡುವ ವ್ಯವಸ್ಥೆ ಕೊಟ್ಟರೆ ಅವರು ಅದನ್ನು ದಾಟಿ ಹೋಗುವ ಅಡ್ಡದಾರಿಯನ್ನು ಒಂದೇ ವಾರದಲ್ಲಿ ಕಂಡುಕೊಳ್ಳುತ್ತಾರೆ. ಆಮೇಲೆ ಎರಡನೇ ಹಂತ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದ್ದರಿಂದ ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳುವ ವಿಧಾನದಷ್ಟೇ ಅದನ್ನು ವಾರ್ಡಿನ ಕೆಲಸಕ್ಕೆ ಹೊಂದಿಸುವ ಬಗೆಯನ್ನೂ ಇಲ್ಲಿ ವಿವರವಾಗಿ ಹೇಳಿದ್ದೇನೆ.

ಒಂದು ಲಾಗಿನ್ ಮಾಡಿದ ಅನಾಹುತ

ಅಮೆರಿಕದ ಚೇಂಜ್ ಹೆಲ್ತ್‌ಕೇರ್ ಎಂಬ ಸಂಸ್ಥೆ ಆಸ್ಪತ್ರೆ, ಔಷಧದಂಗಡಿ ಮತ್ತು ವಿಮಾ ಕಂಪನಿಗಳ ನಡುವಿನ ಬಿಲ್ಲುಗಳನ್ನು ಸಾಗಿಸುತ್ತದೆ. 2024ರ ಫೆಬ್ರುವರಿ 12ರಂದು ದುಷ್ಕರ್ಮಿಗಳು ಕದ್ದ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಬಳಸಿ, ಹೊರಗಿನಿಂದ ಕೆಲಸ ಮಾಡುವವರಿಗೆಂದು ಇದ್ದ ಪೋರ್ಟಲ್ ಮೂಲಕ ಅದರ ಜಾಲದೊಳಗೆ ಹೊಕ್ಕರು. ಆ ಪೋರ್ಟಲ್‌ಗೆ ಎರಡನೇ ಹಂತದ ಪರಿಶೀಲನೆ ಇರಲಿಲ್ಲ. ಒಂಬತ್ತು ದಿನ ಒಳಗೇ ಓಡಾಡಿ, 21ರಂದು ಕಡತಗಳಿಗೆಲ್ಲ ರ‍್ಯಾನ್ಸಮ್‌ವೇರ್ ಬೀಗ ಜಡಿದರು. ದೇಶದುದ್ದಕ್ಕೂ ಔಷಧದಂಗಡಿಗಳಲ್ಲಿ ವಿಮೆಯ ವ್ಯವಹಾರ ನಿಂತಿತು, ಸಣ್ಣ ಕ್ಲಿನಿಕ್‌ಗಳಿಗೆ ಸಂಬಳ ಕೊಡಲೂ ದುಡ್ಡಿಲ್ಲದಂತಾಯಿತು. ಚೇಂಜ್ ಹೆಲ್ತ್‌ಕೇರ್‌ನ ಮಾತೃಸಂಸ್ಥೆ ಯುನೈಟೆಡ್‌ಹೆಲ್ತ್‌ನ ಮುಖ್ಯಸ್ಥರಾಗಿದ್ದ ಆಂಡ್ರ್ಯೂ ವಿಟ್ಟಿ ಮೇ 1ರಂದು ಅಮೆರಿಕದ ಸಂಸತ್ತಿನ ಸಮಿತಿಗಳ ಮುಂದೆ, ಆ ಪೋರ್ಟಲ್‌ಗೆ ಎರಡನೇ ಹಂತ ಇರಲಿಲ್ಲ ಎಂಬುದನ್ನು ಒಪ್ಪಿಕೊಂಡರು. 2.2 ಕೋಟಿ ಡಾಲರ್ ಸುಲಿಗೆ ಹಣ ಕೊಟ್ಟದ್ದನ್ನೂ ಹೇಳಿದರು. ಸುಮಾರು 19 ಕೋಟಿ ಜನರ ಮಾಹಿತಿ ಈ ದಾಳಿಯಲ್ಲಿ ಸಿಕ್ಕಿಬಿದ್ದಿತ್ತು ಎಂಬುದು ಆಮೇಲೆ ಗೊತ್ತಾಯಿತು.

ನಮ್ಮಲ್ಲಿ 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನಲ್ಲಿ ಸೈಬರ್ ದಾಳಿಯಿಂದ ಸರ್ವರ್‌ಗಳು ನಿಂತಾಗ ಸುಮಾರು ಎರಡು ವಾರ ಒಪಿಡಿ ನೋಂದಣಿ, ದಾಖಲಾತಿ, ಲ್ಯಾಬ್ ವರದಿ ಎಲ್ಲವೂ ಕೈಬರಹಕ್ಕೆ ಮರಳಿದವು. ಐದು ಸರ್ವರ್‌ಗಳಲ್ಲಿನ ಸುಮಾರು 1.3 ಟೆರಾಬೈಟ್ ಮಾಹಿತಿ ಲಾಕ್ ಆಗಿತ್ತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದು ಕಾರಣ ಎಂದೂ ಹೇಳಿತು. ಅಂದರೆ ಎರಡನೇ ಹಂತದ ಲಾಗಿನ್ ಒಂದರಿಂದಲೇ ಆಸ್ಪತ್ರೆ ಸುರಕ್ಷಿತವಾಗಿಬಿಡುವುದಿಲ್ಲ. ಆದರೆ ಕದ್ದ ಪಾಸ್‌ವರ್ಡ್ ಹಿಡಿದು ಮುಂಬಾಗಿಲಿನಿಂದಲೇ ಬರುವವರನ್ನು ತಡೆಯಲು ಇದಕ್ಕಿಂತ ಅಗ್ಗದ, ಬೇಗನೆ ಜಾರಿಗೆ ತರಬಹುದಾದ ಉಪಾಯ ಇನ್ನೊಂದಿಲ್ಲ.

ಯಾವುದು ಎಷ್ಟು ಗಟ್ಟಿ?

ಎಟಿಎಂನಲ್ಲಿ ಕಾರ್ಡ್ ಮತ್ತು ಪಿನ್ ಎರಡೂ ಬೇಕಲ್ಲವೇ, ಇದೂ ಹಾಗೆಯೇ. ನಿಮಗೆ ಮಾತ್ರ ಗೊತ್ತಿರುವ ಒಂದು ಸಂಗತಿ, ನಿಮ್ಮ ಬಳಿ ಮಾತ್ರ ಇರುವ ಒಂದು ವಸ್ತು, ನಿಮ್ಮ ಬೆರಳು ಅಥವಾ ಮುಖದಂಥ ಗುರುತು: ಈ ಮೂರರಲ್ಲಿ ಬೇರೆ ಬೇರೆ ಬಗೆಯ ಎರಡು ಸೇರಬೇಕು. ಪಾಸ್‌ವರ್ಡ್ ಆದ ಮೇಲೆ ‘ನಿಮ್ಮ ಹುಟ್ಟೂರು ಯಾವುದು’ ಎಂದು ಕೇಳಿದರೆ ಅದು ಎರಡನೇ ಹಂತವಲ್ಲ, ಎರಡೂ ಗೊತ್ತಿರುವ ಸಂಗತಿಗಳೇ.

ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಎಲ್ಲರಿಗೂ ಪರಿಚಿತ. ಬರೀ ಪಾಸ್‌ವರ್ಡ್‌ಗಿಂತ ಎಷ್ಟೋ ಮೇಲು. ಆದರೆ ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ಪಡೆದರೆ ಅದು ಬೇರೆಯವರ ಫೋನಿಗೆ ಹೋಗುತ್ತದೆ, ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಬರುವುದೇ ಇಲ್ಲ.

ಅದಕ್ಕಿಂತ ಗಟ್ಟಿ, ಫೋನಿನ ಅಥೆಂಟಿಕೇಟರ್ ಆ್ಯಪ್. ನೋಂದಣಿ ಮಾಡುವಾಗ ಕ್ಯುಆರ್ ಕೋಡ್ ಮೂಲಕ ಒಂದು ಗುಪ್ತಸಂಖ್ಯೆ ನಿಮ್ಮ ಫೋನಿಗೆ ಬರುತ್ತದೆ, ಅದೇ ಸಂಖ್ಯೆ ಆಸ್ಪತ್ರೆಯ ಸರ್ವರ್‌ನಲ್ಲೂ ಇರುತ್ತದೆ. ಆ ಸಂಖ್ಯೆ ಮತ್ತು ಆ ಕ್ಷಣದ ಸಮಯ ಎರಡನ್ನೂ ಸೇರಿಸಿ ಲೆಕ್ಕ ಹಾಕಿ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಆರು ಅಂಕಿಯ ಹೊಸ ಕೋಡ್ ಹುಟ್ಟುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ, ಸಿಗ್ನಲ್ ಬೇಡ. 2011ರಲ್ಲೇ ಪ್ರಕಟವಾದ ಮುಕ್ತ ಮಾನದಂಡ ಇದಾದ್ದರಿಂದ ಗೂಗಲ್ ಅಥೆಂಟಿಕೇಟರ್, ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಯಾವುದರಲ್ಲಾದರೂ ನಡೆಯುತ್ತದೆ. ಸಮಯದ ಮೇಲೆ ನಿಂತಿರುವುದರಿಂದ ಫೋನಿನ ಗಡಿಯಾರ ತಪ್ಪಿದ್ದರೆ ಮಾತ್ರ ಕೋಡ್ ಎಷ್ಟು ಸಲ ಹಾಕಿದರೂ ‘ತಪ್ಪು’ ಎಂದೇ ಬರುತ್ತದೆ.

ಫೋನಿಗೆ ‘ಲಾಗಿನ್ ಆಗುತ್ತಿರುವುದು ನೀವೇನಾ’ ಎಂಬ ಸೂಚನೆ ಕಳಿಸಿ ಒಪ್ಪಿಗೆ ಕೇಳುವುದು ಇನ್ನೊಂದು ಬಗೆ. ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಎರಡಂಕಿಯನ್ನು ಫೋನಿನಲ್ಲಿ ಹಾಕಿಸಿಕೊಳ್ಳುವ ವ್ಯವಸ್ಥೆ ಇದ್ದರೆ ಮಾತ್ರ ಇದನ್ನು ನಂಬಬಹುದು. ಬರೀ ‘ಹೌದು’ ಒತ್ತಿಸುವ ಬಗೆ ಅಪಾಯಕಾರಿ, ಏಕೆಂದು ಮುಂದೆ ಹೇಳುತ್ತೇನೆ.

ಎಲ್ಲಕ್ಕಿಂತ ಗಟ್ಟಿ ಎಂದರೆ ಫಿಡೊ ಎಂಬ ಮಾನದಂಡದ ಸೆಕ್ಯುರಿಟಿ ಕೀ (ಕಂಪ್ಯೂಟರ್‌ಗೆ ಸಿಕ್ಕಿಸುವ ಅಥವಾ ತಾಗಿಸುವ ಪುಟ್ಟ ಸಾಧನ) ಮತ್ತು ಪಾಸ್‌ಕೀ (ಫೋನ್ ಅಥವಾ ಕಂಪ್ಯೂಟರ್‌ನೊಳಗೇ ಇರುವ ಅಂಥದೇ ಕೀ). ಕಾರಣ ಸರಳ. ಆಸ್ಪತ್ರೆಯ ಪುಟದಂತೆಯೇ ಕಾಣುವ ನಕಲಿ ಪುಟಕ್ಕೆ ನೀವು ಮೋಸಹೋಗಿ ಪಾಸ್‌ವರ್ಡನ್ನೂ ಆರು ಅಂಕಿಯನ್ನೂ ಟೈಪ್ ಮಾಡಿದರೆ, ಕಳ್ಳರು ಅವೆರಡನ್ನೂ ಅದೇ ಕ್ಷಣ ಅಸಲಿ ಪುಟಕ್ಕೆ ಹಾಕಿ ಒಳಗೆ ಹೋಗಬಲ್ಲರು. ಸೆಕ್ಯುರಿಟಿ ಕೀ ವಿಷಯದಲ್ಲಿ ಇದು ನಡೆಯದು. ಪುಟದ ವಿಳಾಸವೂ ಪರಿಶೀಲನೆಯ ಭಾಗವೇ ಆಗಿರುವುದರಿಂದ, ನಿಮ್ಮ ಕಣ್ಣು ಮೋಸಹೋದರೂ ನಕಲಿ ವಿಳಾಸಕ್ಕೆ ಅದು ಉತ್ತರ ಕೊಡುವುದಿಲ್ಲ. ಆಸ್ಪತ್ರೆಯ ಐಟಿ ವಿಭಾಗದವರು ಮತ್ತು ಮನೆಯಿಂದ ಲಾಗಿನ್ ಆಗುವ ವೈದ್ಯರು ಇದನ್ನೇ ಬಳಸಬೇಕು ಎಂಬುದು ನನ್ನ ಅಭಿಪ್ರಾಯ.

ನೋಂದಣಿಗೆ ಮೊದಲು

ಆಸ್ಪತ್ರೆಯ ದಾಖಲೆಯಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ ಇದೆಯೇ ಎಂದು ಮಾನವ ಸಂಪನ್ಮೂಲ ವಿಭಾಗದಲ್ಲಿ ಕೇಳಿ. ಕೆಲಸಕ್ಕೆ ಸೇರುವಾಗ ಅಪ್ಪನದೋ ಅಣ್ಣನದೋ ಸಂಖ್ಯೆ ಕೊಟ್ಟವರು ಬಹಳ ಮಂದಿ. ಫೋನಿಗೆ ಸ್ಕ್ರೀನ್ ಲಾಕ್ ಇರಲಿ. ದಿನಾಂಕ ಮತ್ತು ಸಮಯದ ಸೆಟ್ಟಿಂಗ್ ‘ಆಟೊಮ್ಯಾಟಿಕ್’ ಎಂದಿರಲಿ. ಲಾಕ್ ಆದ ಪರದೆಯ ಮೇಲೆ ಎಸ್‌ಎಂಎಸ್ ಪೂರ್ತಿ ಕಾಣುವಂತಿದ್ದರೆ ಅದನ್ನು ಮರೆಮಾಡಿ. ನರ್ಸಿಂಗ್ ಸ್ಟೇಷನ್ ಮೇಜಿನ ಮೇಲೆ ಬಿಟ್ಟ ಫೋನಿನ ಒಟಿಪಿ ದಾರಿಹೋಕರಿಗೂ ಕಾಣಬಾರದು.

ಆ್ಯಪನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದಲೇ, ತಯಾರಕರ ಹೆಸರು ನೋಡಿ ಇಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಬೇಡ, ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತೂ ಬೇಡ. ಕೇಂದ್ರ ಸರ್ಕಾರದ ನೌಕರರ ಇಮೇಲ್‌ಗೆ ಎರಡನೇ ಹಂತವಾಗಿ ಎನ್‌ಐಸಿ ಕೊಟ್ಟಿದ್ದ ‘ಕವಚ್’ ಎಂಬ ಆ್ಯಪಿನ ಹೆಸರಿನಲ್ಲೇ ನಕಲಿ ಆವೃತ್ತಿ ಮಾಡಿ, ಅದರೊಳಗೆ ಕಳ್ಳ ತಂತ್ರಾಂಶ ಅಡಗಿಸಿ ಹಂಚಿದ ಪ್ರಕರಣಗಳು ವರದಿಯಾಗಿವೆ. ಭದ್ರತೆಗೆಂದು ಹಾಕಿಕೊಂಡದ್ದೇ ಕಳ್ಳದಾರಿಯಾದರೆ ಉಳಿದದ್ದೇನು?

ಪಾಸ್‌ವರ್ಡನ್ನೂ ಈ ಹೊತ್ತಿನಲ್ಲೇ ಬದಲಿಸಿಬಿಡಿ. ಉದ್ದವಾಗಿರಲಿ, ನಾಲ್ಕೈದು ಸಂಬಂಧವಿಲ್ಲದ ಪದಗಳ ಸಾಲು ಸಾಕು. ಆಸ್ಪತ್ರೆಯ ಹೆಸರು ಮತ್ತು ಇಸವಿ ಸೇರಿಸಿದ ಪಾಸ್‌ವರ್ಡ್ ಮೊದಲ ಯತ್ನದಲ್ಲೇ ಒಡೆಯುತ್ತದೆ. ಫೇಸ್‌ಬುಕ್‌ಗೋ ಆನ್‌ಲೈನ್ ಅಂಗಡಿಗೋ ಇಟ್ಟದ್ದನ್ನೇ ಇಲ್ಲೂ ಇಡಬೇಡಿ. ಅಲ್ಲಿ ಸೋರಿದ ಪಾಸ್‌ವರ್ಡನ್ನು ಇಲ್ಲಿ ಪ್ರಯೋಗಿಸಿ ನೋಡುವುದೇ ಕಳ್ಳರ ಮೊದಲ ಕೆಲಸ.

ನೋಂದಣಿ, ಹಂತ ಹಂತವಾಗಿ

1. ಐಟಿ ವಿಭಾಗ ಕೊಟ್ಟ ವಿಳಾಸವನ್ನು ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿ ನೀವೇ ಟೈಪ್ ಮಾಡಿ ತೆರೆಯಿರಿ. ನಿಮ್ಮ ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಭದ್ರತೆಯ ಸೆಟ್ಟಿಂಗ್‌ನಲ್ಲಿ ಎರಡು ಹಂತದ ಪರಿಶೀಲನೆಯನ್ನು ಆರಿಸಿ.

2. ಪರದೆಯ ಮೇಲೆ ಕ್ಯುಆರ್ ಕೋಡ್ ಬರುತ್ತದೆ. ಅಥೆಂಟಿಕೇಟರ್ ಆ್ಯಪ್ ತೆರೆದು, ಕೂಡಿಸುವ ಗುರುತನ್ನು ಒತ್ತಿ, ಅದನ್ನು ಸ್ಕ್ಯಾನ್ ಮಾಡಿ. ಫೋನಿನ ಮಾಮೂಲಿ ಕ್ಯಾಮೆರಾದಿಂದ ಅದರ ಫೋಟೊ ತೆಗೆದಿಡಬೇಡಿ. ಆ ಚಿತ್ರ ಯಾರ ಕೈಗೆ ಹೋದರೂ ಅವರ ಫೋನಿನಲ್ಲೂ ನಿಮ್ಮ ಕೋಡ್ ಹುಟ್ಟತೊಡಗುತ್ತದೆ, ನಿಮಗೆ ಸುಳಿವೂ ಸಿಗುವುದಿಲ್ಲ. ಇದೇ ಕಾರಣಕ್ಕೆ ಇನ್‌ಚಾರ್ಜ್ ಸಿಸ್ಟರ್ ಫೋನಿನಲ್ಲಿ ಇಡೀ ವಾರ್ಡಿನವರ ನೋಂದಣಿ ಮಾಡುವುದೂ ಸಲ್ಲ.

3. ಆ್ಯಪಿನಲ್ಲಿ ಕಾಣುವ ಆರು ಅಂಕಿಯನ್ನು ಪರದೆಯಲ್ಲಿ ಹಾಕಿ. ಹೊಸ ಕೋಡ್ ಬರಲು ಐದಾರು ಸೆಕೆಂಡಷ್ಟೇ ಉಳಿದಿದ್ದರೆ ಮುಂದಿನದಕ್ಕೆ ಕಾಯಿರಿ.

4. ಈಗ ತುರ್ತು ಕೋಡ್‌ಗಳ ಪಟ್ಟಿ ಕೊಡುತ್ತದೆ. ಪ್ರತಿಯೊಂದೂ ಒಂದೇ ಸಲ ಬಳಸುವಂಥದ್ದು. ಕಾಗದದ ಮೇಲೆ ಬರೆದುಕೊಂಡು ಮನೆಯ ಬೀರುವಿನಲ್ಲೋ ಆಸ್ಪತ್ರೆಯ ನಿಮ್ಮ ಬೀಗದ ಲಾಕರ್‌ನಲ್ಲೋ ಇಡಿ. ಫೋನಿನ ಗ್ಯಾಲರಿಯಲ್ಲಿ ಇಟ್ಟರೆ ಫೋನ್ ಕಳೆದ ದಿನ ಅವೂ ಹೋದವು.

5. ಸಾಧ್ಯವಿದ್ದರೆ ಇನ್ನೊಂದು ಸಾಧನವನ್ನೂ ಕೂಡಿಸಿ: ಸೆಕ್ಯುರಿಟಿ ಕೀ, ಆಸ್ಪತ್ರೆಯ ಕಾರ್ಡ್ ಅಥವಾ ನಿಮ್ಮದೇ ಹಳೆಯ ಫೋನ್. 

6. ಪೂರ್ತಿ ಲಾಗ್‌ಔಟ್ ಆಗಿ ಮತ್ತೊಮ್ಮೆ ಲಾಗಿನ್ ಮಾಡಿ ನೋಡಿ. ಐಟಿಯವರು ಎದುರಿಗೇ ಇರುವಾಗ ಈ ಪರೀಕ್ಷೆ ಮುಗಿಸಿ. ರಾತ್ರಿ ಪಾಳಿಯ ಮೊದಲ ಲಾಗಿನ್ನೇ ನಿಮ್ಮ ಮೊದಲ ಪ್ರಯೋಗವಾಗಬಾರದು.

‘ಈ ಕಂಪ್ಯೂಟರನ್ನು ನೆನಪಿಡು’ ಎಂಬ ಚೌಕ ಕಂಡರೆ ವಾರ್ಡಿನ ಯಂತ್ರದಲ್ಲಿ ಗುರುತು ಹಾಕಬೇಡಿ. ಹಂಚಿಕೊಂಡು ಬಳಸುವ ಯಂತ್ರಕ್ಕೆ ನಿಮ್ಮ ನೆನಪು ಉಳಿದರೆ ಎರಡನೇ ಹಂತದ ಉದ್ದೇಶವೇ ಹೋಯಿತು.

ವಾರ್ಡಿನಲ್ಲಿ, ಪಾಳಿಯಲ್ಲಿ

2017ರಲ್ಲಿ ‘ಹೆಲ್ತ್‌ಕೇರ್ ಇನ್‌ಫರ್ಮ್ಯಾಟಿಕ್ಸ್ ರಿಸರ್ಚ್’ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಉತ್ತರಿಸಿದ 299 ವೈದ್ಯಕೀಯ ಸಿಬ್ಬಂದಿಯಲ್ಲಿ 220 ಮಂದಿ ಸಹೋದ್ಯೋಗಿಯ ಪಾಸ್‌ವರ್ಡ್ ಪಡೆದು ಬಳಸಿದ್ದಾಗಿ ಹೇಳಿದ್ದರು. ಅವರು ಕೊಟ್ಟ ಕಾರಣಗಳಲ್ಲಿ ಎರಡನ್ನು ಪ್ರತಿ ಆಡಳಿತಾಧಿಕಾರಿಯೂ ಓದಬೇಕು: ತಮಗೆ ಲಾಗಿನ್ನೇ ಕೊಟ್ಟಿರಲಿಲ್ಲ ಎಂಬುದು ಒಂದು, ಕೊಟ್ಟ ಲಾಗಿನ್‌ನಲ್ಲಿ ತಮ್ಮ ಕೆಲಸ ಮಾಡುವಷ್ಟು ಅನುಮತಿ ಇರಲಿಲ್ಲ ಎಂಬುದು ಇನ್ನೊಂದು. ನಮ್ಮ ಹೌಸ್ ಸರ್ಜನ್‌ಗಳ, ಪಿಜಿಗಳ, ಗುತ್ತಿಗೆ ನರ್ಸ್‌ಗಳ ಸ್ಥಿತಿ ನೋಡಿದರೆ ಆ ಉತ್ತರ ಇಲ್ಲಿಯದೇ ಅನ್ನಿಸುತ್ತದೆ. ಸೇರಿದ ಮೊದಲ ದಿನವೇ ಲಾಗಿನ್ ಸಿಗದ ಹೌಸ್ ಸರ್ಜನ್ ಏನು ಮಾಡಬೇಕು? ಲ್ಯಾಬ್ ರಿಕ್ವೆಸ್ಟ್ ಹಾಕಲೇಬೇಕು, ಸೀನಿಯರ್‌ನ ಪಾಸ್‌ವರ್ಡ್ ಕೇಳುತ್ತಾರೆ. ಇದನ್ನು ಸೋಮಾರಿತನ ಎಂದು ಬೈದು ಪ್ರಯೋಜನವಿಲ್ಲ. ಲಾಗಿನ್ ಕೊಡುವ ಕೆಲಸ ಗುರುತಿನ ಚೀಟಿ ಕೊಡುವ ದಿನವೇ ಆಗಬೇಕು.

‘ಸಿಸ್ಟರ್, ನನ್ನ ಪಾಸ್‌ವರ್ಡ್ ಗೊತ್ತಲ್ಲ, ನೀವೇ ಆರ್ಡರ್ ಹಾಕಿಬಿಡಿ’ ಎಂದು ಹಿರಿಯ ವೈದ್ಯರು ಫೋನಿನಲ್ಲಿ ಹೇಳುವುದು ಇನ್ನೊಂದು ರೂಢಿ. ಎರಡನೇ ಹಂತ ಬಂದ ಮೇಲೆ ಇದು ‘ಒಟಿಪಿ ಬಂದಿದೆ, ಬರ್ಕೊಳ್ಳಿ’ ಎಂಬ ರೂಪ ತಾಳುತ್ತದೆ. ಇದಕ್ಕೆ ಸರಿಯಾದ ದಾರಿ ಬೇರೆ ಇದೆ. ಬಾಯಿಮಾತಿನ ಆದೇಶವನ್ನು ಸಿಸ್ಟರ್ ತಮ್ಮದೇ ಲಾಗಿನ್‌ನಲ್ಲಿ ‘ಫೋನ್ ಮೂಲಕ ಬಂದ ಆದೇಶ’ ಎಂದು ದಾಖಲಿಸಿ, ವೈದ್ಯರ ಹೆಸರು ನಮೂದಿಸಬೇಕು, ವೈದ್ಯರು ಬಂದ ಮೇಲೆ ತಮ್ಮ ಲಾಗಿನ್‌ನಲ್ಲಿ ಒಪ್ಪಿಗೆ ಹಾಕಬೇಕು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಕಂಪನಿಯವರಿಂದ ಹಾಕಿಸಿ. ಔಷಧದ ಪ್ರಮಾಣ ತಪ್ಪಿ ರೋಗಿಗೆ ಹೆಚ್ಚುಕಡಿಮೆಯಾದಾಗ ಸಿಸ್ಟರನ್ನೂ ವೈದ್ಯರನ್ನೂ ಕಾಯುವುದು ಆ ದಾಖಲೆಯೇ.

ದಿನಕ್ಕೆ ಐವತ್ತು ಸಲ ಕೋಡ್ ಹಾಕಿಸುವ ವ್ಯವಸ್ಥೆ ನಡೆಯುವುದಿಲ್ಲ. ಪಾಳಿ ಶುರುವಾದಾಗ ಒಮ್ಮೆ ಎರಡೂ ಹಂತ ದಾಟಬೇಕು. ಆಮೇಲೆ ಆ ಪಾಳಿ ಮುಗಿಯುವವರೆಗೆ ಕಾರ್ಡ್ ತಾಗಿಸಿದರೆ ಅಥವಾ ಚಿಕ್ಕ ಪಿನ್ ಹಾಕಿದರೆ ಪರದೆ ತೆರೆಯಬೇಕು. ಎದ್ದು ಹೋಗುವಾಗ ಮತ್ತೆ ಕಾರ್ಡ್ ತಾಗಿಸಿದರೆ ಮುಚ್ಚಬೇಕು. ಕಾರ್ಡ್ ರೀಡರ್ ಇಲ್ಲದ ಕಡೆ ವಿಂಡೋಸ್ ಕೀ ಮತ್ತು ಎಲ್ ಅಕ್ಷರವನ್ನು ಒಟ್ಟಿಗೆ ಒತ್ತಿದರೆ ಪರದೆ ಲಾಕ್ ಆಗುತ್ತದೆ. ಮಾರ್ಫಿನ್, ಫೆಂಟನಿಲ್‌ನಂಥ ಔಷಧಗಳ ಆರ್ಡರ್‌ಗೆ, ವರದಿಗೆ ಅಂತಿಮ ಸಹಿ ಹಾಕುವುದಕ್ಕೆ ಮಾತ್ರ ಆ ಕ್ಷಣದಲ್ಲೇ ಮತ್ತೊಮ್ಮೆ ಎರಡನೇ ಹಂತ ಕೇಳುವುದು ನ್ಯಾಯ. ಅಮೆರಿಕದಲ್ಲಿ ಇಂಥ ನಿಯಂತ್ರಿತ ಔಷಧಗಳನ್ನು ಕಂಪ್ಯೂಟರ್‌ನಲ್ಲಿ ಬರೆಯುವ ವೈದ್ಯರಿಗೆ ಎರಡು ಹಂತದ ಪರಿಶೀಲನೆ ಕಡ್ಡಾಯ ಎಂಬ ನಿಯಮ 2010ರಿಂದಲೇ ಇದೆ.

ಹ್ಯಾಂಡೋವರ್ ಸಮಯದಲ್ಲಿ ಹೊರಡುವವರು ಲಾಗ್‌ಔಟ್ ಆಗಬೇಕು, ಬಂದವರು ತಮ್ಮ ಹೆಸರಿನಲ್ಲಿ ಲಾಗಿನ್ ಆಗಬೇಕು. ಡ್ರಗ್ ಟ್ರಾಲಿಯ ಕೀ ಎಣಿಸಿ ಕೊಡುವಾಗಲೇ ಇದನ್ನೂ ಮುಗಿಸಿದರೆ ಮರೆಯುವುದಿಲ್ಲ.

ಫೋನ್ ನಡೆಯದ ಜಾಗಗಳು

ಎಂಆರ್‌ಐ ಅಯಸ್ಕಾಂತ ಇರುವ ಕೋಣೆಗೆ ಫೋನ್ ಒಯ್ಯುವಂತಿಲ್ಲ, ಸೆಕ್ಯುರಿಟಿ ಕೀಯನ್ನೂ ಒಯ್ಯಬೇಡಿ. ಮ್ಯಾಗ್ನೆಟಿಕ್ ಪಟ್ಟಿಯ ಕಾರ್ಡ್ ಅಲ್ಲಿಗೆ ಹೋದರೆ ಅಳಿಸಿಹೋಗುತ್ತದೆ. ಹೊರಗಿನ ಕನ್ಸೋಲ್ ಕೋಣೆಯಲ್ಲೇ ಲಾಗಿನ್ ಮುಗಿಸಬೇಕು. ಆಪರೇಷನ್ ಥಿಯೇಟರ್‌ನಲ್ಲಿ, ಕೆಲವು ಆಸ್ಪತ್ರೆಗಳ ಐಸಿಯುನಲ್ಲಿ ಸೋಂಕಿನ ಕಾರಣಕ್ಕೆ ಫೋನ್ ನಿಷಿದ್ಧ. ಗ್ಲೌಸ್ ಹಾಕಿದ ಬೆರಳಿಗೆ ಬಯೊಮೆಟ್ರಿಕ್ ಸ್ಪಂದಿಸದು, ದಿನವಿಡೀ ಸ್ಯಾನಿಟೈಸರ್ ಹಚ್ಚಿ ಒಣಗಿದ ಬೆರಳಿಗೂ ಅಷ್ಟೆ. ಮಾಸ್ಕ್ ಹಾಕಿದ ಮುಖವನ್ನು ಗುರುತಿಸಲು ಎಷ್ಟೋ ಯಂತ್ರಗಳು ಒದ್ದಾಡುತ್ತವೆ. ಇಂಥ ಕಡೆಗೆಲ್ಲ ಒರೆಸಿ ಶುಚಿಮಾಡಬಹುದಾದ, ಕೊರಳಿಗೆ ಹಾಕಿಕೊಳ್ಳುವ ಕಾರ್ಡ್ ಮತ್ತು ಪಿನ್ ಸೂಕ್ತ. ಸ್ವಂತ ಸ್ಮಾರ್ಟ್‌ಫೋನ್ ಇಲ್ಲದ, ಅಥವಾ ಸ್ವಂತ ಫೋನಿನಲ್ಲಿ ಆಸ್ಪತ್ರೆಯ ಆ್ಯಪ್ ಹಾಕಲು ಇಷ್ಟಪಡದ ಸಿಬ್ಬಂದಿಗೂ ಇದನ್ನೇ ಕೊಡಬೇಕು. ಅದು ಅವರ ಹಕ್ಕು ಎಂದೇ ನಾನು ಭಾವಿಸುತ್ತೇನೆ.

ರೋಗಿ ಉಸಿರಿಗಾಗಿ ಒದ್ದಾಡುತ್ತಿರುವಾಗ ಕೋಡ್ ಬರಲಿಲ್ಲವೆಂದು ಅಲರ್ಜಿಯ ಮಾಹಿತಿ ತೆರೆಯದೆ ಹೋಗಬಾರದು. ಅದಕ್ಕಾಗಿ ತುರ್ತು ಪ್ರವೇಶದ ಖಾತೆ ಬೇಕು. ಅದರ ವಿವರ ಮುಚ್ಚಿದ ಲಕೋಟೆಯಲ್ಲಿ ಎಮರ್ಜೆನ್ಸಿ ವಿಭಾಗದಲ್ಲಿರಲಿ. ಒಡೆದವರು ಹೆಸರು, ಹೊತ್ತು, ಕಾರಣ ಬರೆಯಲಿ. ಮರುದಿನ ವೈದ್ಯಕೀಯ ಅಧೀಕ್ಷಕರು ಪರಿಶೀಲಿಸಿ ಪಾಸ್‌ವರ್ಡ್ ಬದಲಿಸಲಿ. ಈ ಲಕೋಟೆ ಇಲ್ಲದ ಆಸ್ಪತ್ರೆಯಲ್ಲಿ ಎರಡು ಹಂತದ ಲಾಗಿನ್ ಶುರುಮಾಡುವುದು ಅಪಾಯ. ಲಕೋಟೆ ಮೊದಲು, ಆ್ಯಪ್ ಆಮೇಲೆ.

ನಡುರಾತ್ರಿಯ ಸೂಚನೆ, ನಡುಹಗಲಿನ ಕರೆ

ನೀವು ಲಾಗಿನ್ ಆಗುತ್ತಿಲ್ಲ, ಆದರೂ ಫೋನಿನಲ್ಲಿ ಒಪ್ಪಿಗೆ ಕೇಳುವ ಸೂಚನೆ ಬಂತು. ಅಂದರೆ ನಿಮ್ಮ ಪಾಸ್‌ವರ್ಡ್ ಈಗಾಗಲೇ ಬೇರೆಯವರ ಕೈಯಲ್ಲಿದೆ, ಅವರು ಎರಡನೇ ಹಂತದಲ್ಲಿ ನಿಂತಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಯ ಜಾಲಕ್ಕೆ ನುಗ್ಗಿದವನು ಮಾಡಿದ್ದು ಇದನ್ನೇ. ಗುತ್ತಿಗೆದಾರನೊಬ್ಬನ ಫೋನಿಗೆ ಸೂಚನೆಯ ಮೇಲೆ ಸೂಚನೆ ಕಳಿಸಿದ. ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ‘ನಾನು ಐಟಿ ವಿಭಾಗದವನು, ಒಪ್ಪಿಕೊಂಡರೆ ನಿಲ್ಲುತ್ತದೆ’ ಎಂದು ನಂಬಿಸಿದ. ಕೊನೆಗೆ ಆ ಗುತ್ತಿಗೆದಾರ ಒಪ್ಪಿಗೆ ಒತ್ತಿದ. ಈ ಉಪಾಯ ಎಲ್ಲೆಡೆ ಬಳಕೆಗೆ ಬಂದದ್ದರಿಂದಲೇ 2023ರ ಮೇ ತಿಂಗಳಿಂದ ಮೈಕ್ರೋಸಾಫ್ಟ್ ತನ್ನ ಆ್ಯಪಿನಲ್ಲಿ ಪರದೆಯ ಅಂಕಿ ಹಾಕುವುದನ್ನು ಕಡ್ಡಾಯ ಮಾಡಿತು. ಎರಡು ಪಾಳಿ ಮುಗಿಸಿ ಮಲಗಿದ ನರ್ಸ್‌ಗೆ ರಾತ್ರಿ ಎರಡು ಗಂಟೆಗೆ ಫೋನ್ ಮತ್ತೆ ಮತ್ತೆ ಅಲುಗಿದರೆ ಕಣ್ಣು ಮುಚ್ಚಿಕೊಂಡೇ ‘ಹೌದು’ ಒತ್ತುವುದು ಮನುಷ್ಯ ಸಹಜ. ವ್ಯವಸ್ಥೆ ಅಂಥ ಒತ್ತಿಗೆ ಅವಕಾಶವನ್ನೇ ಕೊಡಬಾರದು.

ಹಾಗೆ ಬಂದರೆ ‘ಅಲ್ಲ’ ಒತ್ತಿ, ಐಟಿಗೆ ಆಗಲೇ ಫೋನ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಬೆಳಿಗ್ಗೆ ನೋಡೋಣ ಎಂದು ಬಿಡಬೇಡಿ.

ಇನ್ನು ಫೋನ್ ಕರೆಗಳು. ‘ಮೇಡಂ, ಸರ್ವರ್ ಅಪ್‌ಡೇಟ್ ಆಗ್ತಿದೆ, ನಿಮಗೆ ಬಂದ ಕೋಡ್ ಹೇಳಿ’ ಎನ್ನುವವರು ನಿಮ್ಮ ಹೆಸರು, ವಾರ್ಡು, ಎಂಪ್ಲಾಯಿ ನಂಬರ್ ಎಲ್ಲ ಹೇಳಿ ನಂಬಿಸಬಹುದು. ಐಟಿಯವರಿಗೆ ನಿಮ್ಮ ಕೋಡ್ ಯಾವತ್ತೂ ಬೇಕಾಗುವುದಿಲ್ಲ. ‘ನಾನೇ ಐಟಿಗೆ ಮಾಡುತ್ತೇನೆ’ ಎಂದು ಇಟ್ಟುಬಿಡಿ. ಆಸ್ಪತ್ರೆಯ ಒಳಸಂಖ್ಯೆಗೆ ನೀವೇ ಕರೆಮಾಡಿ. ಇದರ ಉಲ್ಟಾ ಕೂಡ ನಡೆಯುತ್ತದೆ: ನಿಮ್ಮ ಹೆಸರು ಹೇಳಿಕೊಂಡು ಐಟಿಗೆ ಫೋನ್ ಮಾಡಿ ‘ಫೋನ್ ಕಳೆದಿದೆ, ಹೊಸದಕ್ಕೆ ನೋಂದಾಯಿಸಿ’ ಎನ್ನುವವರಿದ್ದಾರೆ. ಹಾಗಾಗಿ ಐಟಿಯವರು ಗುರುತಿನ ಚೀಟಿ ಹಿಡಿದು ಎದುರಿಗೇ ಬನ್ನಿ ಎಂದರೆ ಬೇಸರ ಬೇಡ. ಅವರು ನಿಮ್ಮನ್ನು ಕಾಯುತ್ತಿದ್ದಾರೆ.

ಫೋನ್ ಬದಲಿಸುವಾಗ, ಕಳೆದಾಗ

ಹೊಸ ಫೋನ್ ಕೊಂಡಾಗ ಹಳೆಯದು ಕೈಯಲ್ಲಿರುವಾಗಲೇ ಹೊಸದನ್ನು ನೋಂದಾಯಿಸಿ, ಲಾಗಿನ್ ಪರೀಕ್ಷಿಸಿ, ಆಮೇಲೆ ಹಳೆಯದನ್ನು ಪಟ್ಟಿಯಿಂದ ತೆಗೆಯಿರಿ. ಎಕ್ಸ್‌ಚೇಂಜ್‌ಗೆ ಕೊಟ್ಟ ಮೇಲೆ ನೆನಪಾದರೆ ಪಾಳಿಯ ಹೊತ್ತಿಗೆ ಪರದಾಡಬೇಕಾಗುತ್ತದೆ. ಕಳೆದುಹೋದರೆ ಮೊದಲು ಐಟಿಗೆ ಹೇಳಿ, ಆ ಸಾಧನವನ್ನು ನಿಮ್ಮ ಖಾತೆಯಿಂದ ತೆಗೆಸಿ. ನಂತರ ಸಿಮ್ ಬಂದ್ ಮಾಡಿಸಿ. ಅವತ್ತಿನ ಪಾಳಿಗೆ ತುರ್ತು ಕೋಡ್ ಬಳಸಿ. ಸಹೋದ್ಯೋಗಿಯ ಲಾಗಿನ್ ಮಾತ್ರ ಬೇಡ.

ಮನೆಯಿಂದ, ಹೊರಗಿನಿಂದ

ಮನೆಯಲ್ಲೇ ಸಿಟಿ ಸ್ಕ್ಯಾನ್ ನೋಡಿ ವರದಿ ಕೊಡುವ ರೇಡಿಯಾಲಜಿಸ್ಟ್, ಲ್ಯಾಪ್‌ಟಾಪ್‌ನಿಂದ ಡಿಸ್ಚಾರ್ಜ್ ಸಮರಿ ಮುಗಿಸುವ ಪಿಜಿ, ದೂರದಿಂದಲೇ ಸಾಫ್ಟ್‌ವೇರ್ ದುರಸ್ತಿ ಮಾಡುವ ಕಂಪನಿಯವರು, ಇವರೆಲ್ಲ ಬರುವ ದಾರಿಯೇ ಕಳ್ಳರಿಗೂ ಇಷ್ಟ. ಚೇಂಜ್ ಹೆಲ್ತ್‌ಕೇರ್‌ನಲ್ಲಿ ತೆರೆದಿದ್ದ ದಾರಿಯೂ ಇಂಥದ್ದೇ. ಹೊರಗಿನಿಂದ ಆಸ್ಪತ್ರೆಯ ಜಾಲಕ್ಕೆ ಸೇರಿಸುವ ವಿಪಿಎನ್‌ಗೆ ಎರಡನೇ ಹಂತ ಇರಲೇಬೇಕು. ರಿಸೆಪ್ಷನ್‌ನ ಕಂಪ್ಯೂಟರ್‌ನಲ್ಲಿ ದುರಸ್ತಿಗೆಂದು ಹಾಕಿದ ರಿಮೋಟ್ ಡೆಸ್ಕ್‌ಟಾಪ್ ಆ್ಯಪ್ ವರ್ಷಗಟ್ಟಲೆ ಒಂದೇ ಪಾಸ್‌ವರ್ಡ್‌ನಲ್ಲಿ ತೆರೆದಿದ್ದರೆ ಇವತ್ತೇ ತೆಗೆಸಿ. ಬೇಕಾದಾಗ ಕೇಳಿ, ಕೆಲಸ ಮುಗಿದ ಕೂಡಲೇ ಮುಚ್ಚಲಿ.

ಸಣ್ಣ ನರ್ಸಿಂಗ್ ಹೋಮ್‌ನವರಿಗೆ

ಇಪ್ಪತ್ತು ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ಐಟಿ ವಿಭಾಗ ಎಂದರೆ ಬೇಕಾದಾಗ ಬರುವ ಒಬ್ಬ ಹುಡುಗ. ಅಂಥ ಕಡೆ ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಮೊದಲು ಅಡ್ಮಿನ್ ಲಾಗಿನ್ ಮತ್ತು ಆಸ್ಪತ್ರೆಯ ಇಮೇಲ್‌ಗೆ ಎರಡನೇ ಹಂತ ಹಾಕಿ, ಏಕೆಂದರೆ ಉಳಿದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸುವ ಲಿಂಕ್ ಬರುವುದು ಅದೇ ಇಮೇಲ್‌ಗೆ. ನಂತರ ಹೊರಗಿನಿಂದ ಬರುವ ಲಾಗಿನ್‌ಗಳು. ಆಮೇಲೆ ವೈದ್ಯರು, ಫಾರ್ಮಸಿ, ಲ್ಯಾಬ್. ಕೊನೆಗೆ ವಾರ್ಡು. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಅಥೆಂಟಿಕೇಟರ್ ಆ್ಯಪ್‌ಗೆ ಬೇರೆ ಖರ್ಚಿಲ್ಲ. ಸಾಫ್ಟ್‌ವೇರ್ ಕಂಪನಿ ‘ನಮ್ಮಲ್ಲಿ ಅದಿಲ್ಲ’ ಎಂದರೆ ಮುಂದಿನ ವರ್ಷದ ಒಪ್ಪಂದಕ್ಕೆ ಮೊದಲು ಕೊಡಲೇಬೇಕೆಂದು ಬರಹದಲ್ಲಿ ಕೇಳಿ.

ಕೆಲಸ ಬಿಟ್ಟವರ ಲಾಗಿನ್ ಅವತ್ತೇ ಮುಚ್ಚಿ. ‘ರಿಸೆಪ್ಷನ್1’, ‘ವಾರ್ಡ್2’ ಎಂಬ ಸಾಮೂಹಿಕ ಲಾಗಿನ್‌ಗಳನ್ನು ತೆಗೆದುಹಾಕಿ, ಪ್ರತಿಯೊಬ್ಬರಿಗೂ ಹೆಸರಿನಲ್ಲೇ ಕೊಡಿ. ಯಾರು ಯಾವಾಗ ಲಾಗಿನ್ ಆದರೆಂಬ ದಾಖಲೆಯನ್ನು 180 ದಿನ ಉಳಿಸಿಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನ ನಿರ್ದೇಶನದಲ್ಲಿ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ, ಸೂಕ್ತ ಭದ್ರತಾ ಕ್ರಮ ಕೈಗೊಳ್ಳದೆ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಎಚ್‌ಐವಿ ಸಂಬಂಧಿ ದಾಖಲೆ ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ಅದರ ರಕ್ಷಣೆಗೆ ಕ್ರಮ ಕೈಗೊಳ್ಳಬೇಕೆಂದು 2017ರ ಕಾಯ್ದೆ ಬೇರೆಯಾಗಿಯೇ ಹೇಳುತ್ತದೆ. ಮಾನಸಿಕ ಆರೋಗ್ಯದ ರೋಗಿಗಳಿಗೂ ಅದೇ ವರ್ಷದ ಇನ್ನೊಂದು ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಕರ್ನಾಟಕದ ಇ-ಮಾನಸ್‌ನಂಥ ವ್ಯವಸ್ಥೆಯಲ್ಲಿ ರೋಗಿಯ ವಿವರ ತುಂಬುವ ಸಿಬ್ಬಂದಿ ಇದನ್ನು ಮರೆಯುವಂತಿಲ್ಲ. ಸಣ್ಣ ಊರಿನಲ್ಲಿ ಇಂಥ ಒಂದು ವರದಿ ಹೊರಬಿದ್ದರೆ ಒಬ್ಬ ಹೆಣ್ಣುಮಗಳ ಬಾಳು ಏನಾಗುತ್ತದೆ ಎಂಬುದು ದಂಡದ ಮೊತ್ತಕ್ಕಿಂತ ದೊಡ್ಡ ಪ್ರಶ್ನೆ.

ತಪ್ಪಿ ಒತ್ತಿಬಿಟ್ಟರೆ

ಕೋಡ್ ಹೇಳಿಬಿಟ್ಟಿರಿ, ಅಥವಾ ಗೊತ್ತಿಲ್ಲದ ಸೂಚನೆಗೆ ಒಪ್ಪಿಗೆ ಒತ್ತಿದಿರಿ ಎಂದುಕೊಳ್ಳಿ. ಮುಂದಿನ ನಿಮಿಷಗಳೇ ಮುಖ್ಯ. ಐಟಿಗೆ ಅಥವಾ ಡ್ಯೂಟಿ ಅಡ್ಮಿನಿಸ್ಟ್ರೇಟರ್‌ಗೆ ಕರೆಮಾಡಿ, ‘ನನ್ನ ಖಾತೆಯ ಎಲ್ಲ ಲಾಗಿನ್ ಕಡಿದುಹಾಕಿ’ ಎಂದು ಈ ಮಾತಿನಲ್ಲೇ ಹೇಳಿ. ಬರೀ ಪಾಸ್‌ವರ್ಡ್ ಬದಲಿಸಿದರೆ ಈಗಾಗಲೇ ಒಳಗಿರುವವರು ಕೆಲವು ವ್ಯವಸ್ಥೆಗಳಲ್ಲಿ ಒಳಗೇ ಉಳಿಯುತ್ತಾರೆ. ನಿಮ್ಮ ಖಾತೆಗೆ ಹೊಸ ಫೋನೋ ಹೊಸ ಇಮೇಲೋ ಸೇರಿಕೊಂಡಿದೆಯೇ ಎಂದು ನೋಡಿಸಿ. ನುಗ್ಗಿದವರು ಮೊದಲು ಮಾಡುವ ಕೆಲಸಗಳಲ್ಲಿ ಅದೂ ಒಂದು. ಬಂದ ಸಂದೇಶ, ಕರೆಯ ಸಂಖ್ಯೆ ಅಳಿಸಬೇಡಿ. ಆ ಹೊತ್ತಿನಲ್ಲಿ ನಿಮ್ಮ ಹೆಸರಿನಲ್ಲಿ ಯಾವ ಆರ್ಡರ್ ಆಗಿದೆ ಎಂಬುದನ್ನು ವಾರ್ಡಿನ ಇನ್‌ಚಾರ್ಜ್ ಜೊತೆ ಕೂತು ಡ್ರಗ್ ಚಾರ್ಟ್‌ಗೆ ತಾಳೆ ನೋಡಿ, ಏಕೆಂದರೆ ರೋಗಿಗೆ ತಪ್ಪು ಔಷಧ ಹೋಗದಂತೆ ತಡೆಯುವುದು ಎಲ್ಲಕ್ಕಿಂತ ಮೊದಲು.

ಜಾಲಕ್ಕೆ ಯಾರೋ ನುಗ್ಗಿದ್ದು ಗೊತ್ತಾದ ಆರು ಗಂಟೆಯೊಳಗೆ ಆಸ್ಪತ್ರೆ ಸರ್ಟ್-ಇನ್‌ಗೆ ವರದಿ ಮಾಡಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆರು ಗಂಟೆಯ ಗಡುವು ಮೀರದಿರಬೇಕಾದರೆ ಒತ್ತಿದವರು ಹೆದರದೆ ಹೇಳುವಂತಿರಬೇಕು. ಮೆಮೊ ಕೊಡುತ್ತಾರೆ, ಸಂಬಳ ಹಿಡಿಯುತ್ತಾರೆ ಎಂಬ ಭಯವಿದ್ದ ಕಡೆ ವಿಷಯ ಹೊರಬರುವುದು ಸರ್ವರ್ ನಿಂತ ಮೇಲೆಯೇ. ಕೂಡಲೇ ತಿಳಿಸಿದವರ ಮೇಲೆ ಶಿಸ್ತುಕ್ರಮವಿಲ್ಲ ಎಂದು ಆಡಳಿತ ಮಂಡಳಿ ಬರಹದಲ್ಲಿ ಕೊಡಲಿ, ಆ ಸುತ್ತೋಲೆಯನ್ನೂ ಐಟಿಯ ರಾತ್ರಿ ಸಂಖ್ಯೆಯನ್ನೂ ಪ್ರತಿ ನರ್ಸಿಂಗ್ ಸ್ಟೇಷನ್‌ನ ಗೋಡೆಗೆ ಅಂಟಿಸಲಿ.